ಉತ್ತರ ಸಿಕ್ಕಿಬಿಟ್ಟರೆ

ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಶಾಲೆಗಳ ತಪಾಸಣೆ ನನ್ನ ಕೆಲಸ. ಟ್ರಂಕಿನಲ್ಲಿ ಎರಡು ಸೀರೆ, ತಲೆಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಅಲೆಯುವ ಹೆಂಗಸಿಗೆ ಮುಂದೆ ಹೇಳುವಂಥ ಪ್ರಸಂಗಗಳು ಆಗದೆ ಇರುತ್ತವೆಯೇ? ಪ್ರಶ್ನೆ ಇಷ್ಟೇ: ಸತ್ತವರಿಗೆ ನಾವು ನೆನಪಿರುತ್ತೇವೆಯೇ? ನಮ್ಮವರು, ನನ್ನ ಗಂಡ, ತೀರಿಕೊಂಡ ಮೇಲೆ ಹುಟ್ಟಿದ್ದು. ಕಾಶಿಯಲ್ಲಿ ಕೇಳಿದೆ, ಘಾಟಿನ ಪುರೋಹಿತ ಪಂಡಾ ಒಂದು ಗಿಂಡಿ ಗಂಗೆ ಕೊಟ್ಟ. ಮದರಾಸಿನಲ್ಲಿ ಪ್ರೊಫೆಸರರೊಬ್ಬರನ್ನು ಕೇಳಿದೆ. ನೆನಪು ಅಂದರೇನು ಅಂತ ಅವರು ನನ್ನನ್ನೇ ಕೇಳಿದರು. ಮಿಕ್ಕದ್ದು ನಮ್ಮ ಸೀಮೆಯಲ್ಲೇ ನಡೆದದ್ದು.

ಪರದೆಯ ಈಚೆ

ಮಧುಗಿರಿಯಲ್ಲಿ ಜವಳಿ ವರ್ತಕರೊಬ್ಬರ ಮನೆಯಲ್ಲಿ ವೇದಾಂತ ಪ್ರವಚನ. ಹೆಂಗಸರು ಪರದೆಯ ಹಿಂದೆ. ನಾವು ನೇರವಾಗಿ ಕೇಳುವಂತಿಲ್ಲ. ಯಜಮಾನರ ಕಿವಿಗೆ ಹೇಳಿದರೆ ಅವರು ಪ್ರವಚನ ಹೇಳುವ ಶಾಸ್ತ್ರಿಗಳಿಗೆ ಮುಟ್ಟಿಸುತ್ತಾರೆ. ನಾನು ಹೇಳಿದೆ. ಯಜಮಾನರು, "ಇದು ಬೇಡಮ್ಮ. ಅವರಿಗೂ ಗೊತ್ತಿಲ್ಲ ಅಂದ್ರೆ ಮಾತು ಬೆಳೆದು ಊಟಕ್ಕೆ ತಡವಾಗುತ್ತೆ" ಅಂದರು.

ಆಮೇಲೆ ಹೋಗಿ ಗಟ್ಟಿಯಾಗಿ, "ಹೆಂಗಸರ ಕಡೆಯಿಂದ ಪ್ರಶ್ನೆ: ಏಕಾದಶಿ ದಿನ ಅವರೆಕಾಳು ತಿನ್ನಬಹುದೇ?" ಅಂತ ಕೇಳಿಬಿಟ್ಟರು.

ಶಾಸ್ತ್ರಿಗಳು ಕಾಳು, ಬೇಳೆ, ಸಿಪ್ಪೆ ಒಂದೊಂದನ್ನೂ ಬಿಡಿಸಿ ಹೇಳಿದರು. ಪಕ್ಕದಾಕೆ ನನ್ನ ಕೈ ಹಿಡಿದು, "ಎಂಥ ಪ್ರಶ್ನೆ ಕೇಳಿದ್ರಿ!" ಅಂದಳು. ಊಟಕ್ಕೆ ಎಲ್ಲರಿಗೂ ತಡವಾಯಿತು.

ತರಬೇತಿ

ಸಿರಾದ ಶಾಲೆಯಲ್ಲಿ ಮಕ್ಕಳಿಗೆ ಹೇಳಿದೆ: "ನಾನು ಕೇಳೋದು ಬೇಡ, ನೀವೇ ಕೇಳಿ. ನಿಮಗೆ ನಿಜವಾಗ್ಲೂ ಗೊತ್ತಿಲ್ಲದ್ದನ್ನ."

ಮೇಷ್ಟರಿಗೆ ಯಾರೋ ಮೊದಲೇ ಸುಳಿವು ಕೊಟ್ಟಿದ್ದರು. ಮೊದಲನೇ ಹುಡುಗಿ ಎದ್ದು, "ಆಕಾಶ ನೀಲಿ ಯಾಕೆ?" ಅಂದಳು. ಎರಡನೆಯವಳು, "ಸಮುದ್ರ ಉಪ್ಪು ಯಾಕೆ?" ನಾನು ಬಾಯಿ ತೆಗೆಯುವ ಮೊದಲೇ ಇಡೀ ತರಗತಿ ಎರಡಕ್ಕೂ ಉತ್ತರ ಒಪ್ಪಿಸಿತು. ಕೊನೇ ಸಾಲಿನ ಪುಟ್ಟ ಹುಡುಗಿಗೆ ಮಾತ್ರ ಪಾಠ ಮರೆತುಹೋಗಿತ್ತು. ಮೇಷ್ಟರನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವು ಯಾವಾಗ ಹೋಗ್ತೀರಾ?"

ಮೇಷ್ಟರು ಬೆವೆತುಹೋದರು. ಅವಳಿಗೊಬ್ಬಳಿಗೇ ಪೂರ್ತಿ ಅಂಕ ಕೊಟ್ಟೆ.

ಇದ್ದಿಲು ಬಸ್ಸು

ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸು ಓಡುತ್ತಿದ್ದುದು ಇದ್ದಿಲ ಹೊಗೆಯಲ್ಲಿ. ಕೊರಟಗೆರೆ ದಾರಿಯಲ್ಲಿ ಕೆಟ್ಟು ನಿಂತಿತು. ಕೊಳಾಲದ ರೈತನೊಬ್ಬ ಪಕ್ಕದಲ್ಲಿ ಕೂತು ನನ್ನ ಊರು, ಸಂಬಳ, ಗಂಡ, ಮಕ್ಕಳು ಎಲ್ಲ ವಿಚಾರಿಸಿಕೊಂಡ. ನನ್ನ ಸರದಿ ಬಂದಾಗ ನಾನೂ ನನ್ನ ಪ್ರಶ್ನೆ ಕೇಳಿದೆ.

"ನೆನಪಿಲ್ದೆ ಏನಮ್ಮ? ನಮ್ಮಪ್ಪ ಈಗ್ಲೂವೆ ಕನಸಲ್ಲಿ ಬಂದ್ಬುಟ್ಟು, ಲೇ, ದನಕ್ಕೆ ನೀರು ಕುಡಿಸ್ದೇನ್ಲಾ ಅಂತ ಬೈತಾನೆ."

ನನಗೆ ಹೊಟ್ಟೆಕಿಚ್ಚಾಯಿತು. "ನಮ್ಮವರು ಕನಸಲ್ಲೂ ಬರೋದಿಲ್ಲಪ್ಪ. ಬೈಯೋದಕ್ಕೂ ಬರೋದಿಲ್ಲ."

ಅವನು ಸಮಾಧಾನ ಮಾಡಿದ: "ಬೈಯ್ಯಂಥ ಕೆಲ್ಸ ನೀವೇನೂ ಮಾಡಿಲ್ಲ ಬುಡಿ."

ಅವತ್ತಿನಿಂದ ಅಂಥದ್ದೊಂದು ಕೆಲಸ ಹುಡುಕುತ್ತಿದ್ದೇನೆ.

ಪಾವಗಡದ ಅಜ್ಜಿ

ಪಾವಗಡದಲ್ಲಿ ನಾನು ಇಳಿದುಕೊಳ್ಳುವುದು ಒಬ್ಬ ಮುದುಕಿಯ ಮನೆಯಲ್ಲಿ. ಅವಳೂ ಗಂಡ ಇಲ್ಲದವಳು. ಅರ್ಧ ತೆಲುಗು, ಅರ್ಧ ಕನ್ನಡ. ರಾಗಿ ಬೀಸುತ್ತಾ ನನ್ನ ಪ್ರಶ್ನೆ ಕೇಳಿ ನಕ್ಕಳು.

"ಏಮಮ್ಮಾ, ನಮ್ಮಾಯ್ನ ಬದುಕಿದ್ದಾಗ್ಲೇ ನನ್ನ ಸಂತೇಲಿ ಮರ್ತು ಮನೆಗೆ ಬಂದಿದ್ದ. ಎತ್ತು ಮಾತ್ರ ಮರೀದೆ ಹೊಡ್ಕೊಂಡು ಬಂದಿದ್ದ. ಅವನಿಗೆ ಈಗ ನೆನಪಿರುತ್ತಾ? ನಿನ್ನ ಗಂಡ ಹೆಂಗೆ?"

"ಊಟಕ್ಕೆ ಕೂತರೆ ಮೊದಲು 'ನಿನಗಿದೆಯಾ' ಅಂತ ಕೇಳೋರು. ಒಂದು ದಿನವೂ ಮರೀಲಿಲ್ಲ."

"ಮತ್ತೆ ಕೇಳೋದೇನೈತೆ? ಇದ್ದಾಗ ಮರೀದೋನು ಹೋದ್ಮೇಲೆ ಮರೀತಾನಾ?"

ಕಾಶಿಯಲ್ಲಿ, ಮದರಾಸಿನಲ್ಲಿ ಸಿಗದ್ದು ಬೀಸುವ ಕಲ್ಲಿನ ಪಕ್ಕದಲ್ಲಿ ಸಿಕ್ಕಿಬಿಟ್ಟಿತು. ಸಂತೋಷವಾಗಬೇಕಿತ್ತು. ನನಗೆ ಅಳು ಬಂತು.

ಅವಳು ಕಲ್ಲು ನಿಲ್ಲಿಸಿದಳು. "ಸಮಾಧಾನ ಆಗ್ಲಿಲ್ವಾ?"

"ಆಯಿತಜ್ಜಿ. ಈ ಪ್ರಶ್ನೆ ಇತ್ತು ಅಂತ ಹೋದಲ್ಲೆಲ್ಲ ಅವರ ಮಾತೆತ್ತುತ್ತಿದ್ದೆ. ಇನ್ನು ಏನಂತ ಎತ್ತಲಿ?"

ಮುದುಕಿ ಯೋಚನೆ ಮಾಡಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಾನು ಹೇಳಿದ್ದು ಬುಟ್ಟಾಕು. ಹಿಂದೂಪುರದಾಗೆ ನನ್ನ ತಂಗಿ ಅವಳೆ, ಅವಳಿಗೆ ಏನೂ ತಿಳಿಯಲ್ಲ. ಅಲ್ಲಿಗೆ ಹೋಗಿ ಕೇಳು."