ಆರು ಗಂಟೆಯವರೆಗಿನ ಸಂಸಾರ

ಒಂದು ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದ ಮನುಷ್ಯನನ್ನು ಅದೇ ಮನೆಯ ಹಳೆಯ ನಿವಾಸಿ ಎಂದು ನೇಮಕ ಮಾಡಿಕೊಳ್ಳಬೇಕಾದರೆ ಮೊದಲು ಅವನನ್ನು ಅಲ್ಲಿಂದ ಹೊರಹಾಕಬೇಕು. ದುಬೈಯ ಹಳೆಯ ಭಾಗವಾದ ದೇರಾದಲ್ಲಿ, ಅಲ್ ಮುರಕ್ಕಬಾತಿನ ಒಂದು ಕಟ್ಟಡದಲ್ಲಿ ಈ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಲಾಯಿತು.

ಹರ್ಬರ್ಟ್ ಪಾಯ್ಸರು ಅಲ್ಲಿ ಮೂರನೆಯ ಮಹಡಿಯ ಫ್ಲ್ಯಾಟೊಂದರಲ್ಲಿ, ಪ್ಲೈವುಡ್ ಅಡ್ಡವಿಟ್ಟು ಮಾಡಿದ ಪಾರ್ಟಿಷನ್ನಿನಲ್ಲಿ ಇದ್ದರು. ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಪ್ಲೈವುಡ್ಡಿನ ಆಚೆ ಬದಿಗೆ ಕಾಪುವಿನ ಶೀನಪ್ಪ; ಕ್ರಿಶ್ಚಿಯನ್ನರನ್ನು ಕರೆಯುವ ಊರಿನ ರೂಢಿಯಂತೆ ಹರ್ಬರ್ಟರು ಅವನಿಗೆ 'ಪೊರ್ಬುಗಳು'. ಹರ್ಬರ್ಟರ ಹೆಂಡತಿ ಬೆಟ್ಟಿ ಊರಲ್ಲಿ, ಉಡುಪಿ ಬಳಿಯ ಶಿರ್ವದಲ್ಲಿ. ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ರಜೆಯಲ್ಲಿ ಮಾತ್ರ. ಆ ರಜೆಯೂ ಅರ್ಧಕ್ಕರ್ಧ ನೆಂಟರ ಮದುವೆಗಳಿಗೆ ಹೋಗುತ್ತಿತ್ತು. ಹರ್ಬರ್ಟರ ಸಂಬಳ ಏರಿದಾಗಲೆಲ್ಲ ಸಂಸಾರ ಕರೆಸಿಕೊಳ್ಳಲು ಅಲ್ಲಿನ ಕಾನೂನು ಕೇಳುವ ಕನಿಷ್ಠ ಸಂಬಳವೂ ಏರುತ್ತಿತ್ತು. "ಒಮ್ಮೆ ವಿಸಿಟ್ ವೀಸಾದಲ್ಲಾದರೂ ಬಾ, ನಾನೇ ಬಂಗುಡೆ ಹುರಿದು ಬಡಿಸ್ತೇನೆ" ಎಂದು ಅವರು ಪ್ರತಿ ಶುಕ್ರವಾರ ಫೋನಿನಲ್ಲಿ ಹೇಳುವುದು, "ನೋಡುವ" ಎಂದು ಬೆಟ್ಟಿ ಹೇಳುವುದು, ಇದೇ ಅವರ ದಾಂಪತ್ಯ.

೨೦೧೫ರಲ್ಲಿ ಕಟ್ಟಡ ಕೈಬದಲಾಯಿತು. ಹೊಸ ಕಂಪನಿ ಲಂಡನ್ನಿನಿಂದ ಸ್ಟೀಫನ್ ಎಂಬ ನಗರ ಯೋಜಕರನ್ನು ಕರೆಸಿತು. ಅವರು ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು ಯೋಜನೆ ಹಾಕಿದರು. ಮರುವಾರ ಲಿಫ್ಟಿನ ಬಳಿ ಪ್ರಕಟಣೆ ಅಂಟಿಸಲಾಯಿತು: 'ಕುಟುಂಬವಿಲ್ಲದೆ ವಾಸಿಸುವ ಗಂಡಸರೂ ಅವರು ಹುರಿಯುವ ಮೀನೂ ಬಡಾವಣೆಯ ಘನತೆಗೆ ಕುಂದು ತರುತ್ತಿರುವುದರಿಂದ, ಉಭಯರೂ ತಿಂಗಳೊಳಗೆ ತೆರವುಗೊಳ್ಳತಕ್ಕದ್ದು.'

"ನನಗೆ ಕುಟುಂಬ ಉಂಟಲ್ಲ, ಊರಲ್ಲಿ ಉಂಟು" ಎಂದರು ಹರ್ಬರ್ಟರು.

ಕುಟುಂಬವು ಕಣ್ಣಿಗೆ ಕಾಣುವಂತಿರತಕ್ಕದ್ದು ಎಂದು ಕಂಪನಿ ಸ್ಪಷ್ಟೀಕರಿಸಿತು.

ಖಲಾಸ್. ಹರ್ಬರ್ಟರು ಪೆಟ್ಟಿಗೆ ಹೊತ್ತು, ಊರಾಚೆ ಮರಳಿನ ನಡುವಿನ ಲೇಬರ್ ಕ್ಯಾಂಪಿನ ಮೇಲಿನ ಮಂಚಕ್ಕೆ ಏರಿದರು. ಶೀನಪ್ಪ ಜಾಣ, ಅದೇ ಕಟ್ಟಡಕ್ಕೆ ವಾಚ್‌ಮನ್ ಆಗಿ ಸೇರಿಕೊಂಡ.

ಕಟ್ಟಡಕ್ಕೆ ಸುಣ್ಣಬಣ್ಣವಾಗಿ 'ಹಳೇ ದೇರಾ ಜೀವನ' ಎಂದು ಹೆಸರಾಯಿತು. ಬಾಡಿಗೆ ಮೂರು ಪಟ್ಟಾಯಿತು. ಆದರೆ ಬಂದವರು ಸುಮ್ಮನಿರಬೇಕಲ್ಲ? ಹಳೇ ದೇರಾ ಎಂದಿರಿ, ಇಲ್ಲಿ ಹಳೆಯದು ಏನೂ ಇಲ್ಲ, ಬರೀ ಪೇಂಟಿನ ವಾಸನೆ ಎಂದು ದೂರಿದರು. ಸ್ಟೀಫನ್ನರನ್ನು ಹೊಸ ಶುಲ್ಕ ಕೊಟ್ಟು ಪುನಃ ಕರೆಸಲಾಯಿತು. ಅವರು ಅದೇ ಮೆಟ್ಟಿಲ ಮೇಲೆ ನಿಂತು, ಮೂಗು ಅರಳಿಸಿ, ಇಲ್ಲಿ ಏನೋ ಕಳೆದುಹೋಗಿದೆ ಎಂದು ಕಂಡುಹಿಡಿದರು. ಕಳೆದುಹೋದದ್ದು ಬಂಗುಡೆ.

ಹರ್ಬರ್ಟರಿಗೆ ಫೋನು ಬಂತು. ಕಂಪನಿಯ ಸಂತೋಷಾಧಿಕಾರಿ ದೀಕ್ಷಿತಾ. ಅಪ್ಪ ಅಮ್ಮ ಉಡುಪಿಯವರು, ಹುಡುಗಿ ಹುಟ್ಟಿ ಬೆಳೆದದ್ದು ದುಬೈಯಲ್ಲೇ.

"ಅಂಕಲ್, ನಿಮ್ಮ ರೂಮ್ ಸೇಮ್ ಟು ಸೇಮ್ ರೀಕ್ರಿಯೇಟ್ ಮಾಡಿದ್ದೇವೆ. ನೀವು ಬಂದು ಜಸ್ಟ್ ಬದುಕಿದ್ರೆ ಸಾಕು."

"ಎಷ್ಟು ಹೊತ್ತು ಬದುಕ್ಬೇಕು ಮಗಾ?"

"ನೈನ್ ಟು ಸಿಕ್ಸ್. ಆಮೇಲೆ ಅಲೋಡ್ ಇಲ್ಲ."

ಲಾಂಡ್ರಿಗಿಂತ ಸಂಬಳ ಸ್ವಲ್ಪ ಹೆಚ್ಚು. ಹರ್ಬರ್ಟರು ಒಪ್ಪಿದರು. ಹಳೆಯ ಪ್ಲೈವುಡ್ಡನ್ನು ಎಸೆದಾಗಿತ್ತು. ಇಟಲಿಯಿಂದ ಹೊಸದನ್ನು ತರಿಸಿ, ತಜ್ಞರ ಕೈಯಲ್ಲಿ ಹೊಡೆಸಿ ಬಡಿಸಿ ಹಳೆಯದು ಮಾಡಲಾಗಿತ್ತು. ಒಂದು ಗೋಡೆ ಗಾಜಿನದು. ಅದರಾಚೆ ಜನ ಟಿಕೆಟು ಪಡೆದು ನಿಲ್ಲುತ್ತಿದ್ದರು. ಮೀನು ಬಾಣಲೆಗೆ ಬಿದ್ದಾಗ ಚಪ್ಪಾಳೆ.

ಕಟ್ಟಡಕ್ಕೆ ಎರಡು ಗೇಟು. ಮುಂದಿನದು ನಿವಾಸಿಗಳಿಗೂ ಟಿಕೆಟಿನವರಿಗೂ, ಹಿಂದಿನದು ಪರಂಪರೆಗೆ. ಯಾರು ಯಾವುದು ಎಂದು ಮುಖ ನೋಡಿ ಮಣೆ ಹಾಕುವ ಹೊಣೆ ಶೀನಪ್ಪನದು.

"ಶೀನಪ್ಪ, ನಾನು ಮಾರಾಯ!"

"ಗೊತ್ತುಂಟು ಪೊರ್ಬುಗಳೇ. ಗೊತ್ತಿರುವುದಕ್ಕೇ ಹಿಂದಿನ ಗೇಟು."

ಪದ್ಧತಿ ಬಹಳ ಸಮರ್ಪಕವಾಗಿತ್ತು. ಐದನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ ಪುತ್ತೂರಿನ ಡಾಕ್ಟರೊಬ್ಬರನ್ನು ಮುಖ ನೋಡಿ ಹಿಂದಿನ ಗೇಟಿಗೆ ಕಳಿಸಿ, ಕೈಗೆ ಸೌಟು ಕೊಟ್ಟು, ಅವರು ಎರಡು ಮೀನು ಹುರಿದ ಮೇಲಷ್ಟೇ ತಪ್ಪು ತಿಳಿಯಿತು. ಪೈಪು ರಿಪೇರಿಗೆ ಬಂದ ಬಿಳಿಯ ಪ್ಲಂಬರನಿಗೆ ಮುಂದಿನ ಬಾಗಿಲಲ್ಲಿ ಸಲಾಂ ಹೊಡೆದು, ಖರ್ಜೂರ ಕೊಟ್ಟು, ಈಜುಕೊಳದ ಬದಿಯಲ್ಲಿ ಕೂರಿಸಲಾಯಿತು. ಪೈಪು ಇವತ್ತಿಗೂ ಸೋರುತ್ತಿದೆ.

ಇಷ್ಟರಲ್ಲಿ ಬೆಟ್ಟಿ ನಿಜವಾಗಿಯೂ ವಿಸಿಟ್ ವೀಸಾದಲ್ಲಿ ಬಂದೇಬಿಟ್ಟಳು. ಕ್ಯಾಂಪಿಗೆ ಹೆಂಗಸರ ಪ್ರವೇಶವಿಲ್ಲ. ಮಲಗಲಿಕ್ಕೆ, ಅವಳ ತಂಗಿಯ ಮಗಳು, ದುಬೈಯಲ್ಲೇ ನರ್ಸ್ ಆಗಿದ್ದ ಶಾರನ್ನಳ ಕ್ವಾರ್ಟರ್ಸಿನಲ್ಲಿ ಒಂದು ಚಾಪೆ ಸಿಕ್ಕಿತು. ಗಂಡನ ಜೊತೆ ಕೂರಲಿಕ್ಕೆ ಮಾತ್ರ ಇಡೀ ಎಮಿರೇಟ್ಸಿನಲ್ಲಿ ಜಾಗವಿರಲಿಲ್ಲ. ಹರ್ಬರ್ಟರು ನಾಚಿಕೆ ಬಿಟ್ಟು ದೀಕ್ಷಿತಾಳನ್ನು ಕೇಳಿದರು: "ಹಗಲು ಹೊತ್ತು ಅವಳು ನನ್ನ ರೂಮಲ್ಲಿ ಕೂರಬಹುದಾ?"

ಸುದ್ದಿ ಕೇಳಿ ಸ್ಟೀಫನ್ನರು ಕುಣಿದಾಡಿದರು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧವಲ್ಲವೇ ಎಂಬ ಪ್ರಶ್ನೆಗೆ ಕಂಪನಿಯ ವಕೀಲರು, ಹೆಂಡತಿಯಾಗಿರುವುದನ್ನು ಯಾವ ದೇಶದ ಕಾನೂನೂ ಕೆಲಸವೆಂದು ಪರಿಗಣಿಸಿಲ್ಲ, ಆದ್ದರಿಂದ ಸಂಬಳದ ಪ್ರಶ್ನೆಯೂ ಇಲ್ಲ ಎಂದು ಅಭಿಪ್ರಾಯ ಕೊಟ್ಟರು. ಕಣ್ಣಿಗೆ ಕಾಣುವ ಕುಟುಂಬ ಎಂದು ಟಿಕೆಟಿನ ದರ ಏರಿತು.

ಮೊದಲ ದಿನವೇ ಉಪ್ಪು ಹೆಚ್ಚಾಯಿತೆಂದು ಬೆಟ್ಟಿ ಜಗಳ ತೆಗೆದಳು. ಜನ ಹುಚ್ಚೆದ್ದರು. ಜಗಳವು ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕಕ್ಕೆ ನಡೆಯತಕ್ಕದ್ದು ಎಂದು ಆದೇಶವಾಯಿತು. ಆದರೆ ಫೋನಿನಲ್ಲಿ ಇಷ್ಟು ವರ್ಷ ಜಗಳಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಬಾಕಿಯಿದ್ದದ್ದೆಲ್ಲ ಹೊತ್ತುಗೊತ್ತಿಲ್ಲದೆ ಹೊರಬಂತು. ಹರ್ಬರ್ಟರಿಗೆ ಬದುಕಿನಲ್ಲಿ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಜಗಳದ ನಂತರ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆರಕ್ಕೆ ಗಂಟೆ ಬಾರಿಸುತ್ತಿತ್ತು, ಒಬ್ಬರು ಕ್ಯಾಂಪಿನ ಬಸ್ಸಿಗೆ, ಒಬ್ಬರು ಚಾಪೆಗೆ.

ಒಂದು ಸಂಜೆ ಬೆಟ್ಟಿ ತಟ್ಟೆ ತೊಳೆಯುತ್ತ, "ಆಯ್ಕಾಲೆಂಗೀ, ಕೇಳಿದಿರಾ, ಇವರು ಈ ಆರು ಗಂಟೆಯನ್ನು ಏಳು ಮಾಡ್ತಾರಾ? ಕೇಳಿ ನೋಡಿ" ಎಂದಳು.

ಓವರ್‌ಟೈಮ್ ಬೇಡ, ಬರೀ ಟೈಮ್ ಕೊಡಿ ಎಂದು ಹರ್ಬರ್ಟರು ಕಂಪನಿಯನ್ನು ಕೇಳಿಕೊಂಡರು. ಕಂಪನಿ ಸಹಾನುಭೂತಿಯಿಂದ ಪರಿಶೀಲಿಸಿತು: ಟಿಕೆಟು ಪಡೆದ ಒಬ್ಬ ಪ್ರೇಕ್ಷಕನಾದರೂ ಇದ್ದಲ್ಲಿ ದಾಂಪತ್ಯವನ್ನು ಏಳರವರೆಗೆ ಮುಂದುವರಿಸಬಹುದು, ಇಲ್ಲವಾದರೆ ಗಂಟೆ ಬಾರಿಸತಕ್ಕದ್ದು. ಆರರ ಮೇಲೆ ಯಾರು ಬರುತ್ತಾರೆ? ಎಲ್ಲರೂ ಮಾಲ್‌ಗಳಲ್ಲಿ.

ಮರುದಿನ ಆರಕ್ಕೆ ಶೀನಪ್ಪ ಟಿಕೆಟು ಕೊಂಡ. ಮುಂದಿನ ಗೇಟಿನ ಗಾಜಿನಲ್ಲಿ ತನ್ನ ಮುಖ ನೋಡಿ ಒಂದು ಗಳಿಗೆ ಅನುಮಾನಿಸಿದ. ಕೈಯಲ್ಲಿದ್ದ ಟಿಕೆಟು ನೋಡಿ, ತನಗೆ ತಾನೇ ಸಲಾಂ ಹೊಡೆದು, ಬಾಗಿಲು ತೆರೆದುಕೊಂಡು ಒಳಗೆ ಬಂದ. ಗಾಜಿನ ಮುಂದೆ ಬೆನ್ನು ತಿರುಗಿಸಿ ನಿಂತ.

"ನಾನು ನೋಡುವುದಿಲ್ಲ ಪೊರ್ಬುಗಳೇ. ನೀವು ಸಂಸಾರ ಮಾಡಿ."

ಏಳಕ್ಕೆ ಹೊರಡುವಾಗ ದೀಕ್ಷಿತಾ ನಿಯಮದಂತೆ, ಪ್ರೇಕ್ಷಕರ ಸಂತೋಷ ಅಳೆಯುವ ಮೂರು ಮುಖಗಳ ಯಂತ್ರವನ್ನು ಮುಂದೆ ಹಿಡಿದಳು: ನಗುವುದು, ಸುಮ್ಮನಿರುವುದು, ಅಳುವುದು. "ಶೋ ಹೇಗಿತ್ತು ಅಂಕಲ್?"

ಶೀನಪ್ಪ ನಗುವ ಮುಖ ಒತ್ತಿದ. ಒಬ್ಬನೇ ಪ್ರೇಕ್ಷಕ, ನೂರಕ್ಕೆ ನೂರು ಸಂತೋಷ. ಕಂಪನಿ ಮರುದಿನವೇ ಏಳು ಗಂಟೆಯನ್ನು ಖಾಯಂ ಮಾಡಿ, ಆ ಹೊತ್ತಿನ ಪ್ರೇಕ್ಷಕರು ಗಾಜಿಗೆ ಬೆನ್ನು ಹಾಕಿ ನಿಲ್ಲತಕ್ಕದ್ದು ಎಂದು ಸುತ್ತೋಲೆ ಹೊರಡಿಸಿತು. ಈಗ ಎಲ್ಲಕ್ಕಿಂತ ನೂಕುನುಗ್ಗಲು ಆ ಪ್ರದರ್ಶನಕ್ಕೇ, ಟಿಕೆಟು ಸಿಗುವುದಿಲ್ಲ.