ಬೈದರೂ ರೂಪಕ

ನನ್ನ ದೊಡ್ಡಪ್ಪನ ಮಗನನ್ನು ಬೈದು ಪ್ರಯೋಜನವಿರಲಿಲ್ಲ. ಬೈದದ್ದು ಯಾವ ಅಲಂಕಾರವೆಂದು ಅವನು ಮೊದಲು ನೋಡುತ್ತಿದ್ದ. ಸಿಟ್ಟಿಗೇಳುವುದು ಆಮೇಲೆ, ಪುರುಸೊತ್ತಿದ್ದರೆ.

ಎಪ್ಪತ್ತರ ದಶಕದಲ್ಲಿ ಕುಂದಗೋಳದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಕನ್ನಡ ಮಾಸ್ತರರು. ಹತ್ತನೆಯ ತರಗತಿಯ 'ಅ' ವಿಭಾಗ ಅಣ್ಣನಿಗೆ, 'ಬ' ವಿಭಾಗ ನನಗೆ.

ಒಮ್ಮೆ ಜೋಳ ಬೀಸಿಸಲು ಗಿರಣಿಗೆ ಹೋದವನು, ಅಲ್ಲಿ ಯಾರದೋ ಜಗಳದಲ್ಲಿ ಒಳ್ಳೆಯ ಉಪಮೆಗಳು ಬರುತ್ತಿವೆಯೆಂದು ಕೇಳುತ್ತ ನಿಂತು, ಹಿಟ್ಟನ್ನು ಅಲ್ಲಿಯೇ ಮರೆತು ಬಂದ. ಅವನ ಹೆಂಡತಿ, ನಮ್ಮ ವೈನಿ, ಒಲೆ ಹೊತ್ತಿಸಿಕೊಂಡು ಕಾದಿದ್ದರು.

"ನೀವೊಂದು ಕಲ್ಲು," ಎಂದರು.

ಅಣ್ಣನ ಮುಖ ಅರಳಿತು. "ಇದು ರೂಪಕ. ಕಲ್ಲಿನಂಗ ಅದೀರಿ ಅಂದಿದ್ರ ಬರೇ ಉಪಮೆ ಆಗ್ತಿತ್ತು. ನೀ ಆ 'ಹಂಗ' ಅನ್ನೂದನ್ನ ತಗದ ಒಗದಿ ನೋಡು, ಅಗದಿ ಛಲೋ ಆತು."

ಅಂದು ಅವರ ಮನೆಯಲ್ಲಿ ಮಾತೂ ಇಲ್ಲ, ರೊಟ್ಟಿಯೂ ಇಲ್ಲ.

ಊರೆಲ್ಲ ನಕ್ಕಿತು. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಯಾಕೆ ಅಂತೀರಾ? ನಾನು ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂದು ಬರೆಸುತ್ತಿದ್ದರೆ ನನ್ನ ಮಕ್ಕಳು ಕಿಟಕಿಯಾಚೆ ಎಮ್ಮೆ ನೋಡುತ್ತಿದ್ದರು. ಬಾಜು ಕೋಣೆಯಲ್ಲಿ ಅಣ್ಣ, ಹೆಡ್‌ಮಾಸ್ತರರು ಹುಲಿಯಂತೆ ಎಂದರೆ ಉಪಮೆ, ಹೆಡ್‌ಮಾಸ್ತರರೇ ಹುಲಿ ಎಂದರೆ ರೂಪಕ, ಅವರು ಬಾಗಿಲಲ್ಲಿ ನಿಂತಿದ್ದರೆ ಎರಡನ್ನೂ ಅನ್ನಬಾರದು ಎಂದು ಹೇಳಿ ಸೂರು ಹಾರುವಂತೆ ನಗಿಸುತ್ತಿದ್ದ. ಕಡೆಗೆ ನನ್ನ ಸ್ವಂತ ಮಗಳೇ ಹಟಮಾಡಿ ಅವನ ವಿಭಾಗಕ್ಕೆ ಹೋದಳು. ಇನ್ನು ಉಳಿದದ್ದೇನು?

ಆ ಮಳೆಗಾಲ ಎರೆಮಣ್ಣಿನ ರಾಡಿಯಲ್ಲಿ ಸೈಕಲ್ಲು ಜಾರಿ ಅಣ್ಣನ ಬಲಗೈ ಮುರಿಯಿತು. ಅಯ್ಯೋ ಎಂದೆ. ಆದರೆ ಅವನ ತರಗತಿ ಇನ್ನು ನನಗೇ ಬರುತ್ತದೆಂದು ಒಳಗೊಳಗೇ ಲೆಕ್ಕ ಹಾಕಿದೆ. ಎಲ್ಲಿಯದು? ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನೆಟ್ಟಗೆ ಶಾಲೆಗೇ ಬಂದ. ನನ್ನ ಬಿಡುವಿನ ಪಿರಿಯಡ್ಡಿನಲ್ಲಿ ಅವನ ಪರವಾಗಿ ಹಲಗೆಯ ಮೇಲೆ ಬರೆಯಬೇಕೆಂದು ಹೆಡ್‌ಮಾಸ್ತರರು ನನಗೆ ಹುಕುಂ ಮಾಡಿದರು. ಅವನು ನಗಿಸುವುದು, ನಾನು ಸೀಮೆಸುಣ್ಣದ ಪುಡಿ ತಿನ್ನುವುದು.

ಒಂದು ದಿನ ಅಣ್ಣ ರೂಪಕಕ್ಕೆ ಉದಾಹರಣೆ ಕೇಳಿದ. ನನ್ನ ಮಗಳು ಎದ್ದು ನಿಂತು, "ಸರ್, ನಮ್ಮಪ್ಪ ನಿಮ್ಮ ಬಲಗೈರಿ," ಎಂದಳು.

ತರಗತಿ ಗೊಳ್ಳೆಂದಿತು. ಅಣ್ಣ ನಗಲಿಲ್ಲ.

"ಕುಂದರವ್ವಾ. ಅದು ರೂಪಕ ಅಲ್ಲ."

"ಮತ್ತೇನ್ರಿ ಸರ್?"

"ಯಾವ ಅಲಂಕಾರಾನೂ ಅಲ್ಲ, ಖರೇ ಮಾತು. ಕೈ ಮುರದ ಮ್ಯಾಲ ನಾ ಇವನ ಕೈಲೇನ ಬರ್ಯಾಕತ್ತೀನಿ. ಹೋಲಿಕಿ ಎಲ್ಲೈತಿ ಇದ್ರಾಗ?"

ನಾನು ಹಲಗೆಯ ಕಡೆ ತಿರುಗಿದೆ. ಒರೆಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಗಂಟೆ ಬಾರಿಸುವವರೆಗೂ ಒರೆಸುತ್ತಲೇ ನಿಂತೆ.