ಹಿಮದಲ್ಲಿ ಸಿಕ್ಕಿಬಿದ್ದ ‘ಆವನಿ’ ಹಡಗಿನ ಸಿಬ್ಬಂದಿಯ ಬಗ್ಗೆ

ಸಂಖ್ಯೆ: ಉಕ/ಮುಬಾ/ಹಡಗು/4/2005-06
ಉಪ ಕಛೇರಿ, ಮುಳಬಾಗಿಲು
ದಿನಾಂಕ: 19-05-2005

ಸುತ್ತೋಲೆ

ವಿಷಯ: ಕಛೇರಿಯ ಕಂಪ್ಯೂಟರಿನಲ್ಲಿ ದಕ್ಷಿಣ ಧ್ರುವಕ್ಕೆ ಹೊರಟು ಹಿಮದಲ್ಲಿ ಸಿಕ್ಕಿಕೊಂಡಿರುವ ‘ಆವನಿ’ ಹಡಗು ಹಾಗೂ ಅದರಲ್ಲಿರುವ ಐವರು ನಾವಿಕರ ಬಗ್ಗೆ.

ಉಲ್ಲೇಖ: 1) ಹಾಯಿ ಬಿಚ್ಚಲು ಅನುಮತಿ ಕೋರಿದ ಕಡತ, ದಿ. 9-05-2005.
2) ಸದರಿ ಕಡತಕ್ಕೆ ದೊರೆತ ಅನುಮತಿ, ದಿ. 13-05-2005.
3) ಅನುಮತಿ ಕೈಸೇರುವ ಮೊದಲೇ ಸಮುದ್ರ ಹೆಪ್ಪುಗಟ್ಟಿದ ಬಗ್ಗೆ ಅಟೆಂಡರ್ ಶ್ರೀ ಅಪ್ಪಾಜಪ್ಪನವರ ಮೌಖಿಕ ವರದಿ.

ಸಿಬ್ಬಂದಿಗೆ ಮೌಸ್ ಹಿಡಿಯುವುದು ರೂಢಿಯಾಗಲೆಂದು, ಗುತ್ತಿಗೆ ಆಧಾರದ ಆಪರೇಟರ್ ಕು. ಸೌಪರ್ಣಿಕಾ ಅವರು ತಾವೇ ಮನೆಯಲ್ಲಿ ಕೂತು ತಯಾರಿಸಿದ ಹಡಗಿನ ಆಟವೊಂದನ್ನು ಕಛೇರಿಯ ಏಕೈಕ ಕಂಪ್ಯೂಟರಿಗೆ ಹಾಕಿಕೊಟ್ಟಿರುವುದು ಸರಿಯಷ್ಟೆ. ನೂರು ವರ್ಷದ ಹಿಂದೆ ಮರದ ಹಡಗುಗಳಲ್ಲಿ ಧ್ರುವ ಹುಡುಕಿ ಹೋದವರು ಪಟ್ಟ ಪಾಡೇ ಈ ಆಟ. ಗಾಳಿ ನೋಡಿ ಹಾಯಿ ಬಿಚ್ಚಬೇಕು, ಚುಕ್ಕಾಣಿ ತಿರುಗಿಸಬೇಕು, ಇದ್ದ ಊಟವನ್ನು ಹಂಚಿಕೊಡಬೇಕು. ಕಛೇರಿಯ ಒಂದು ಗಂಟೆ ಆಟದಲ್ಲಿ ಒಂದು ದಿನ. ನಾವಿಕರ ಹೆಸರುಗಳನ್ನು ಹಾಜರಿ ಪುಸ್ತಕದಿಂದ ತೆಗೆದುಕೊಳ್ಳಲಾಗಿದೆ. ಒಮ್ಮೆ ಸತ್ತ ನಾವಿಕ ಮತ್ತೆ ಎದ್ದು ಬರುವುದಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ.

1. ಮೇ 9ರ ಬೆಳಿಗ್ಗೆ ಹಡಗಿಗೆ ಅನುಕೂಲವಾದ ಗಾಳಿ ಬೀಸಿತು. ಹಾಯಿ ಬಿಚ್ಚಲು ನಿಯಮಾನುಸಾರ ಕಡತ ಮಂಡಿಸಲಾಯಿತು. ‘ಸದರಿ ಗಾಳಿ ಯಾವ ಶಾಖೆಗೆ ಸಂಬಂಧಿಸಿದ್ದು?’ ಎಂಬ ಷರಾದೊಂದಿಗೆ ಕಡತ ಒಮ್ಮೆ ಹಿಂದಿರುಗಿತು. ‘ಈ ಹಿಂದೆ ಬೀಸಿದ ಗಾಳಿಗಳ ವಿವರ ಲಗತ್ತಿಸಿ’ ಎಂದು ಮತ್ತೊಮ್ಮೆ ಹಿಂದಿರುಗಿತು. ಕು. ಸೌಪರ್ಣಿಕಾ ಅವರು “ಫೈಲ್ ಬರೋತನ್ಕ ಗಾಳಿ ಕಾಯ್ತಾ ಕೂತಿರಲ್ಲ ಸಾರ್” ಎಂದದ್ದನ್ನು ಲಿಖಿತವಾಗಿ ಕೊಡುವಂತೆ ಕೇಳಲಾಯಿತು. ಐದನೆಯ ದಿನ ಅನುಮತಿ ದೊರೆಯುವಷ್ಟರಲ್ಲಿ ಗಾಳಿ ತಿರುಗಿ, ಸಮುದ್ರ ಹೆಪ್ಪುಗಟ್ಟಿ, ಹಡಗು ನಿಂತಿತ್ತು. ಕಡತದಲ್ಲಿ ಮಾತ್ರ ಗಾಳಿ ಇಂದಿಗೂ ಅನುಕೂಲವಾಗಿಯೇ ಇದೆ.

2. ಇನ್ನು ಮುಂದೆ ಗಾಳಿಯು ಬೆಳಿಗ್ಗೆ 10.30ರ ಒಳಗೆ ಬೀಸತಕ್ಕದ್ದು. ಮೂರು ಬಾರಿ ತಡವಾದಲ್ಲಿ ಒಂದು ಸಾಂದರ್ಭಿಕ ರಜೆಯನ್ನು ಕಡಿತಗೊಳಿಸಲಾಗುವುದು.

3. ಹಡಗಿನಲ್ಲಿ ಚಳಿಯೆಂಬ ಕಾರಣಕ್ಕೆ ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಶ್ಯಾಮಲಮ್ಮನವರು ಕಛೇರಿಯ ಫ್ಯಾನ್ ಆರಿಸಿ ಶಾಲು ಹೊದ್ದು ಕೂರುತ್ತಿರುವುದು ಗಮನಕ್ಕೆ ಬಂದಿದೆ. ಈ ಬಿಸಿಲಿನಲ್ಲಿ ದೃಢೀಕರಣ ಪತ್ರಕ್ಕೆ ಬಂದ ಸಾರ್ವಜನಿಕರು ಬೆವೆತು ತೊಪ್ಪೆಯಾಗುತ್ತಿದ್ದಾರೆ. ಫ್ಯಾನ್ ಹಾಕೆಂದವರಿಗೆ “ಅಯ್ಯೋ ದೇವುಡಾ, ಅಲ್ಲಿ ಅವ್ರು ನಡುಗ್ತಾವ್ರೆ, ನಿಮ್ಗೆ ಫ್ಯಾನ್ ಬೇರೆ ಕೇಡು!” ಎಂದು ಗದರುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ.

4. ಪೆಂಗ್ವಿನ್‌ಗಳನ್ನು ಸಾರ್ವಜನಿಕರೆಂದು ಪರಿಗಣಿಸತಕ್ಕದ್ದು. ಸಾಲಿನಲ್ಲಿ ನಿಲ್ಲುವ ಶಿಸ್ತು ಅವುಗಳಿಗೆ ಈಗಾಗಲೇ ಇರುವುದರಿಂದ ಪ್ರತ್ಯೇಕ ಸೂಚನೆ ಅಗತ್ಯವಿಲ್ಲ. ಮಧ್ಯಾಹ್ನದ ಊಟದ ವೇಳೆಯಲ್ಲಿ ಬಂದ ಪೆಂಗ್ವಿನ್‌ಗಳನ್ನು ನಾಳೆ ಬರುವಂತೆ ತಿಳಿಸುವುದು.

5. ಹಡಗಿನವರ ಊಟಕ್ಕೆ ಬೇಟೆಯಾಡುವ ಜವಾಬ್ದಾರಿ ಹೊತ್ತ ಟಪಾಲು ಗುಮಾಸ್ತ ಶ್ರೀ ಆಂಜಿನಪ್ಪನವರು ಆಂಜನೇಯಸ್ವಾಮಿಗೆ ನಡೆದುಕೊಳ್ಳುವವರಾದ್ದರಿಂದ ಶನಿವಾರ ಮಾಂಸ ಮುಟ್ಟುವುದಿಲ್ಲ. ಆಟದಲ್ಲಿ ವಾರದ ಹೆಸರುಗಳಿಲ್ಲ. ಯಾವುದು ಶನಿವಾರವೋ ತಿಳಿಯದೆ, ಎಲ್ಲಾ ದಿನಗಳನ್ನೂ ಶನಿವಾರವೆಂದೇ ಭಾವಿಸಿ ಇಪ್ಪತ್ತೇಳು ದಿನ ಬೇಟೆಯಾಡಿಲ್ಲ. ಅವರ ಭಕ್ತಿಯನ್ನು ಗೌರವಿಸುತ್ತಲೇ, ಹಡಗಿನ ಉಗ್ರಾಣದಲ್ಲಿ ಈಗ ಒಂಬತ್ತು ದಿನದ ಬಿಸ್ಕತ್ತು ಮಾತ್ರ ಉಳಿದಿದೆಯೆಂದು ವಿಷಾದದಿಂದ ತಿಳಿಸಲಾಗಿದೆ. ಅಂದರೆ ಕಛೇರಿ ವೇಳೆಯ ಲೆಕ್ಕದಲ್ಲಿ ನಾಳೆ ಸಂಜೆಯವರೆಗೆ.

6. ಹಣ್ಣು ತರಕಾರಿಯಿಲ್ಲದೆ ನಾವಿಕ ಅಪ್ಪಾಜಪ್ಪನ ಒಸಡಿನಲ್ಲಿ ರಕ್ತ ಬಂದು, ಆತ ಮೇಲೇಳಲಾರದೆ ಮಲಗಿದ್ದಾನೆ. ಇದನ್ನು ಪರದೆಯ ಮೇಲೆ ಕಂಡ ಅಟೆಂಡರ್ ಅಪ್ಪಾಜಪ್ಪನವರು ತಮ್ಮ ತೋಟದಿಂದ ಒಂದು ಬಾಕ್ಸ್ ಟೊಮೇಟೊ ತಂದು ಕಂಪ್ಯೂಟರಿನ ಮುಂದೆ ಇಟ್ಟಿರುತ್ತಾರೆ. ಟೊಮೇಟೊ ಒಳಗೆ ಹೋಗುವುದಿಲ್ಲವೆಂದು ಮನವರಿಕೆ ಮಾಡಿಕೊಟ್ಟ ಮೇಲೂ ತೆಗೆದಿಲ್ಲ. ಎರಡು ಹಣ್ಣು ಕಡಿಮೆಯಾಗಿರುವ ಬಗ್ಗೆ ಶ್ರೀಮತಿ ಶ್ಯಾಮಲಮ್ಮನವರು ಮನೆಯ ಸಾರನ್ನು ಕಾರಣವಾಗಿ ತೋರಿಸಿದ್ದು, ಸಮಜಾಯಿಷಿಯನ್ನು ಒಪ್ಪಲಾಗಿದೆ.

7. ನಿನ್ನೆಯಿಂದ ಪರದೆಯ ಮೇಲೆ ‘ಹಡಗು ಬಿಟ್ಟು ಹಿಮದ ಮೇಲೆ ನಡೆಯುವಿರಾ? ಹೌದು / ಇಲ್ಲ’ ಎಂಬ ಪ್ರಶ್ನೆ ನಿಂತಿದೆ. ನಾಲ್ಕು ದಿನದ ನಡಿಗೆಯಲ್ಲಿ ಊಟ, ಔಷಧವಿರುವ ಬಿಡಾರವೊಂದು ಇದೆಯೆಂದು ಕು. ಸೌಪರ್ಣಿಕಾ ತಿಳಿಸಿದ್ದಾರೆ. ಆದರೆ ಹಡಗು ದಾಸ್ತಾನು ಪುಸ್ತಕದಲ್ಲಿ ನಮೂದಾಗಿರುವ ಸ್ವತ್ತು. ತ್ರಿಸದಸ್ಯ ಸಮಿತಿಯು ಖುದ್ದು ಪರಿಶೀಲಿಸಿ ನಿರುಪಯುಕ್ತವೆಂದು ಘೋಷಿಸದ ಹೊರತು ಅದನ್ನು ಬಿಟ್ಟುಹೋಗುವಂತಿಲ್ಲ. ಸಮಿತಿಯು ಜೂನ್ 7ರಂದು ಬರಲು ಒಪ್ಪಿದೆ. ವಾಹನ ಕಳುಹಿಸುವಂತೆ ಕೋರಿದೆ.

8. ಈ ವಿಷಯವನ್ನು ಓದಿ ಹೇಳಿದಾಗ ಅಟೆಂಡರ್ ಅಪ್ಪಾಜಪ್ಪನವರು ಬಾಗಿಲ ಬಳಿ ನಿಂತು, “ಸಾರ್, ನಿಜ್ವಾಗ್ಲೂ ನಾನೇ ಹಿಂಗೆ ಬಿದ್ದಿದ್ರೂ ಜೂನ್ ಏಳಕ್ಕೇ ಬರ್ತಿದ್ರಾ?” ಎಂದು ಕೇಳಿರುತ್ತಾರೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಕೆಳಗೆ ಸಹಿ ಮಾಡಿರುವವರಿಗೆ ಇಷ್ಟು ನಾಚಿಕೆಯಾದದ್ದಿಲ್ಲ.

9. ಆದ್ದರಿಂದ ಇಂದು ಮಧ್ಯಾಹ್ನ 3.10ಕ್ಕೆ, ಯಾವುದೇ ಕಡತ ಮಂಡಿಸದೆ, ಕೆಳಗೆ ಸಹಿ ಮಾಡಿರುವವರು ಸ್ವತಃ ಮೌಸ್ ಹಿಡಿದು ‘ಹೌದು’ ಒತ್ತಿರುತ್ತಾರೆ. ಮೌಸ್ ಇನ್ನೂ ರೂಢಿಯಾಗದ್ದರಿಂದ ಎರಡು ಬಾರಿ ಒತ್ತಲಾಗಿದೆ. ನಡೆಯಲಾರದ ನಾವಿಕನಿಗೆ ಜಾರುಬಂಡಿ ಇದೆ. ಅದನ್ನು ಎಳೆಯುವವರು ಯಾರೆಂದು ಆಟವು ಕೇಳಿದಾಗ, ಹುದ್ದೆಯ ಶ್ರೇಣಿಯನ್ನು ಪರಿಗಣಿಸಿ ಸೂಕ್ತ ಹೆಸರನ್ನು ಆಯ್ಕೆ ಮಾಡಲಾಗಿದೆ.

ಸಹಿ/-
(ವೆಂಕಟರಾಯಪ್ಪ)
ಮೇಲ್ವಿಚಾರಕರು ಹಾಗೂ ‘ಆವನಿ’ ಹಡಗಿನ ಕಪ್ತಾನರು

ಪ್ರತಿಗಳು:
1. ತ್ರಿಸದಸ್ಯ ಸಮಿತಿಗೆ: ಹಡಗು ಅಲ್ಲೇ ಇರುತ್ತದೆ, ನಿಧಾನವಾಗಿ ಬರಬಹುದು.
2. ಪೆಂಗ್ವಿನ್‌ಗಳಿಗೆ: ಸೂಚನಾ ಫಲಕದ ಮೂಲಕ.
3. ಶ್ರೀ ಆಂಜಿನಪ್ಪನವರಿಗೆ: ಇಂದು ಗುರುವಾರವೆಂದು ಈ ಮೂಲಕ ಘೋಷಿಸಲಾಗಿದೆ.
4. ಮೇಲಧಿಕಾರಿಗಳಿಗೆ: ಘಟನೋತ್ತರ ಅನುಮೋದನೆ ಕೋರಿ. ದೊರೆಯದಿದ್ದರೂ ಹಿಂದಿರುಗುವ ಉದ್ದೇಶವಿಲ್ಲ.
5. ಶ್ರೀ ಅಪ್ಪಾಜಪ್ಪನವರಿಗೆ: ಬಂಡಿಯಲ್ಲಿ ಮಲಗಿರುವವರು ತಾವು, ಎಳೆಯುತ್ತಿರುವವರು ಮೇಲ್ವಿಚಾರಕರು. ಬಿಡಾರ ತಲುಪುವವರೆಗೆ ಮರ್ಯಾದೆಗಾಗಿ ಎದ್ದು ನಿಲ್ಲತಕ್ಕದ್ದಲ್ಲ.